‘ಇದನ್ನ ಯಾರು ಹೇಳ್ತಾರ?’

ಬೆಳಗಾವಿಯೊಳಗ ನಾವು ಬಿ.ಎ. ಓದೂಮುಂದ ನಾಟಕದ ಪೇಪರಿಗೆ ಎಲ್ಲಾರೂ ಗೈಡ್ ಬಾಯಿಪಾಠ ಮಾಡ್ತಿದ್ವಿ, ಯಾವ ಉತ್ತರ ಬರದ್ರೂ ‘ನಾಟಕಕಾರರು ಇಲ್ಲಿ ಹೇಳುತ್ತಾರೆ’ ಅಂತ ಒಂದು ಸಾಲು ಬಂದ ಬರ್ತಿತ್ತು. ನಮ್ಮ ಕನ್ನಡ ಸರ್ ಆ ಸಾಲಿನ ಕೆಳಗ ಕೆಂಪು ಪೆನ್ನಿಲೆ ಗೆರಿ ಎಳದು, ಬಾಜೂಕ ‘ಇದನ್ನ ಯಾರು ಹೇಳ್ತಾರ?’ ಅಂತ ಬರೀತಿದ್ರು.

ಅದರ ಖರೇ ಅರ್ಥ ತಿಳಿದಿದ್ದು ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕ ಓದಿದಾಗ. ಸುರುವಿಗೇ ಒಬ್ಬ ನಾಟಕ ಬರಿಯಾಂವ ಪಾಳುಗುಡಿಯೊಳಗ ಕುಂತಾನ, ಅವನ ನಾಟಕ ನೋಡಕೋತ ಜನ ನಿದ್ದಿ ಹೊಡದಾರ, ಅದಕ್ಕ ಶಾಪ ಹತ್ತೇದ, ಒಂದ್ ರಾತ್ರಿ ಇಡೀ ಎಚ್ಚರ ಇರಲಿಲ್ಲಂದ್ರ ಸಾಯ್ತಾನ. ಊರಮಂದಿ ಮನಿ ದೀಪದ ಜ್ವಾಲೆಗಳು ಅಲ್ಲೇ ಬಂದು ಮಾತಾಡ್ತಾವ, ಕಥಿ ಅನ್ನೂದ ಒಂದು ಹೆಣ್ಣಾಗಿ ಬಂದು ತನ್ನ ತಾನ ಹೇಳ್ಕೋತದ. ಕಥಿ ಮುಗೀತು ಅಂದ್ರೂ ಜ್ವಾಲೆಗಳು ಒಪ್ಪಂಗಿಲ್ಲ! ಆ ಕಥಿಯೊಳಗ ರಾಣಿ ಅನ್ನೂ ಹೆಣ್ಮಗಳ ಹತ್ರ ಗಂಡನ ರೂಪದಾಗ ಬರೂ ಹಾವು ಸತ್ತ ಮ್ಯಾಲೂ ಇನ್ನೊಂದು ಮುಕ್ತಾಯ ಬರ್ತದ, ಅದರಾಗ ಹಾವು ರಾಣಿ ಕೂದಲದಾಗ ಉಳೀತದ. ಸರ್ ಒಂದ್ ಬೆಂಚಿನ ಹುಡುಗ್ಯಾರನ್ನ ಜ್ವಾಲೆ ಮಾಡಿ ಓದಿಸ್ತಿದ್ರು, ಅವರಾಗ ಒಬ್ಬಾಕಿ ನಡುವ ನಿಂತು ‘ಸರ್, ಎಲ್ಲಾರೂ ಮುಕ್ತಾಯ ಹೇಳಾಕ ಹತ್ಯಾರ, ರಾಣಿಗೆ ಏನ್ ಬೇಕು ಅಂತ ಯಾರೂ ಕೇಳವಲ್ರಲ್ರೀ’ ಅಂದ್ಲು. ಸರ್ ಪುಸ್ತಕ ಮುಚ್ಚಿ, ‘ಇದನ್ನ ಬರಿಯವಾ, ವಿಮರ್ಶೆ ಅಂದ್ರ ಇದ’ ಅಂದ್ರು.

ಈ ಕಥಿ ಕಾರ್ನಾಡರಿಗೆ ಸಿಕ್ಕಿದ್ದು ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥಿಗಳಿಂದ, ಅಂಥಾ ಕಥಿ ಹೇಳಿ ಉಳಿಸಿದವರು ಅಡಗಿಮನ್ಯಾಗಿನ ಹೆಣ್ಮಕ್ಕಳು. 1971ರ ‘ಹಯವದನ’ದ್ದೂ ಹಂಗ, ‘ಕಥಾಸರಿತ್ಸಾಗರ’ ಅನ್ನೂ ಹಳೇ ಸಂಸ್ಕೃತ ಕಥಿಗಳ ಸಂಗ್ರಹದಾಗಿನ ತಲಿ ಅದಲು ಬದಲಾದ ಕಥಿ ಜರ್ಮನಿಯ ಕಾದಂಬರಿಕಾರ ಥಾಮಸ್ ಮಾನ್ ಕೈಯಾಗ ಹೋಗಿ ಕಾರ್ನಾಡರ ಹತ್ರ ಬಂತು, ಆಮ್ಯಾಲೆ ರಂಗನಿರ್ದೇಶಕ ಬಿ.ವಿ. ಕಾರಂತರ ಸಂಗೀತ ಸೇರ್ತು. ಇಷ್ಟ್ ಮಂದಿ ಕೂಡಿ ಮಾಡಿದ್ದನ್ನ ಒಬ್ರ ಹೆಸರಿಗೆ ಬರದು ಕೈ ತೊಳಕೊಂಡ್ರ ಹೆಂಗ? ಕಾರ್ನಾಡರು ದೊಡ್ಡವರು ಅನ್ನೂದ್ರಾಗ ಎರಡು ಮಾತಿಲ್ಲ, ಆದ್ರ ಅವರ ದೊಡ್ಡಸ್ತಿಕಿ ಇರೂದು ಆ ಎಲ್ಲಾ ದನಿಗೋಳನ್ನ ಒಂದು ನಾಟಕದಾಗ ಜಾಗಾ ಕೊಟ್ಟು ಕೂಡಿಸಿದ್ದರಾಗ.

ಈಗ ಇಲ್ಲಿ ಓದಾಕತ್ತಿದ ತಮ್ಮ-ತಂಗಿಯರಿಗೆ ಒಂದ್ ಮಾತು. ಬೈಲಹೊಂಗಲ ನಮಗ ಭಾಳ ದೂರಲ್ಲ, ‘ಸಂಗ್ಯಾ ಬಾಳ್ಯಾ’ ಅನ್ನೂ ಸಣ್ಣಾಟ, ಅಂದ್ರ ಹಾಡು-ಮಾತಿನ ಜನಪದ ನಾಟಕ, ಆ ಕಡೀದ. ಪ್ರಾಜೆಕ್ಟ್ ಮಾಡೂದಿದ್ರ ಬರೇ ಅಚ್ಚಾದ ಪುಸ್ತಕ ಇಟಗೊಂಡು ಕುಂದರಬ್ಯಾಡ್ರಿ, ರಾತ್ರಿ ಆಟಕ್ಕ ಹೋಗ್ರಿ. ಆ ಆಟದ ನಾಯಕಿ ಗಂಗಿ ಪಾತ್ರ ಮಾಡಿದವರು ತಾವ ಎಷ್ಟು ಮಾತು ಬೆಳಿಸಿದ್ರು, ಹಿಮ್ಮೇಳದವರು ಯಾವ ಸಾಲು ಮತ್ತ ಮತ್ತ ಎತ್ತಿ ಹಾಡಿದ್ರು, ಅಷ್ಟೂ ಬರಕೊಳ್ರಿ. ಹಾಡಿದವರ ಹೆಸರು ಕೇಳಿ ಅದನ್ನೂ ಹಾಕ್ರಿ.