ಎತ್ತು, ಕೆಂಪು ಬೆಕ್ಕು ಮತ್ತು ಮೈನಸ್ 1.10

ಎಸ್ಸೆಸ್ಸೆಲ್ಸಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿಗೆ ಕಾಲೇಜು ಸೇರಿದ ಮೇಲೆ ಆಮ್ಲ ಆಸಿಡ್ ಆಯಿತು, ಜಲಜನಕ ಹೈಡ್ರೋಜನ್ ಆಯಿತು. ಅದು ಹದಿನೈದು ದಿನದಲ್ಲಿ ರೂಢಿಯಾಯಿತು. ಕಾಡಿದ್ದು ಪ್ರಶ್ನೆಪತ್ರಿಕೆಯ ಇಂಗ್ಲಿಷು. ಸತುವಿನ ಲವಣಗಳಿಗೆ ಬಣ್ಣವಿಲ್ಲ, ‘ಅಕೌಂಟ್ ಫಾರ್’ ಎಂದು ಕೇಳಿದ್ದರು. ಏನೋ ಲೆಕ್ಕ ಕೇಳಿದ್ದಾರೆ ಅಂದುಕೊಂಡು ಹತ್ತು ನಿಮಿಷ ಸಂಖ್ಯೆ ಹುಡುಕಿದೆ. ಕಾರಣ ಕೊಡಿ ಅಂತ ಅದರರ್ಥ!

ಎರಡನೇ ವರ್ಷ ದಸರಾ ರಜೆ ಮುಗಿದದ್ದೇ ತಡ, ಕೆಮಿಸ್ಟ್ರಿ ಮೇಷ್ಟ್ರು ಹಳೆ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಕಟ್ಟು ತಂದು ಮೇಜಿನ ಮೇಲೆ ಕುಕ್ಕಿದರು. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಅದೇ ಕೆಲಸ. ಕ್ಯಾಲ್ಕುಲೇಟರ್ ಮುಟ್ಟಲು ಬಿಡುತ್ತಿರಲಿಲ್ಲ, ಲಾಗ್ ಟೇಬಲ್ಲೇ ಗತಿ. ಘನಸ್ಥಿತಿ ಪಾಠದಲ್ಲಿ ಸ್ಫಟಿಕದ ಮೂಲೆ, ಮುಖ ಎಣಿಸಿ ಎಣಿಸಿ ಕಣ್ಣು ಕತ್ತಲೆ ಬಂದಿತ್ತು. ಈಗ ಆ ಪಾಠವೇ ಪಠ್ಯದಲ್ಲಿಲ್ಲವಂತೆ. ಪುಣ್ಯವಂತರು.

ನನ್ನ ಮಾನ ಹೋದದ್ದು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ. ಡೇನಿಯಲ್ ಕೋಶದ ಲೆಕ್ಕ, ಅಂದರೆ ಸತು ಮತ್ತು ತಾಮ್ರದ ಬ್ಯಾಟರಿ ಎಷ್ಟು ವೋಲ್ಟ್ ಕೊಡುತ್ತದೆ ಎಂಬುದು. ತಾಮ್ರಕ್ಕೆ 0.34 ವೋಲ್ಟ್, ಸತುವಿಗೆ ಮೈನಸ್ 0.76. ಕ್ಯಾಥೋಡಿನದರಿಂದ ಆನೋಡಿನದನ್ನು ಕಳೆಯಬೇಕು, ಅಷ್ಟೇ. ಹೈಸ್ಕೂಲಿನಲ್ಲಿ ನಾನು ಬಾಯಿಪಾಠ ಮಾಡಿದ್ದು ಕ್ಯಾಥೋಡ್ ಎಂದರೆ ಋಣಾಗ್ರ ಎಂದು. ಈ ಕೋಶದಲ್ಲಿ ಋಣ ತುದಿ ಯಾವುದು? ಸತು. ಹಾಗಾದರೆ ಸತುವೇ ಕ್ಯಾಥೋಡ್! ಉತ್ತರ ಮೈನಸ್ 1.10. ಧೈರ್ಯವಾಗಿ ಬೋರ್ಡಿನ ಮೇಲೆ ಬರೆದೆ.

ಮೇಷ್ಟ್ರು ಬೈಯಲಿಲ್ಲ. “ನಿನ್ನ ಸೆಲ್ ಹಾಕಿದರೆ ಟಾರ್ಚ್ ಹತ್ತೋದಿಲ್ಲ ಕಣೋ,” ಎಂದರು. ಆಮೇಲೆ ಚಾಕ್ ತೆಗೆದುಕೊಂಡು ಒಂದು ಎತ್ತು, ಒಂದು ಬೆಕ್ಕು ಬರೆದು, ಬೆಕ್ಕಿಗೆ ಕೆಂಪು ಚಾಕ್ ಬಳಿದರು. ಆನ್ ಆಕ್ಸ್, ರೆಡ್ ಕ್ಯಾಟ್. ಆನೋಡಿನಲ್ಲಿ ಆಕ್ಸಿಡೇಶನ್, ಅಂದರೆ ಎಲೆಕ್ಟ್ರಾನ್ ಬಿಡುವುದು; ಕ್ಯಾಥೋಡಿನಲ್ಲಿ ರಿಡಕ್ಷನ್, ಅಂದರೆ ಎಲೆಕ್ಟ್ರಾನ್ ಪಡೆಯುವುದು. ಹೊರಗಿನಿಂದ ಕರೆಂಟ್ ಕೊಟ್ಟು ತಾಮ್ರ ಲೇಪಿಸುವಾಗ ಕ್ಯಾಥೋಡ್ ಋಣವೇ. ಆದರೆ ಕೋಶ ತಾನೇ ಕರೆಂಟ್ ಕೊಡುವಾಗ ಸತು ಕರಗಿ ಎಲೆಕ್ಟ್ರಾನ್ ಬಿಡುತ್ತದೆ. ಅದಕ್ಕೇ ಆನೋಡ್ ಋಣ, ತಾಮ್ರದ ಕ್ಯಾಥೋಡ್ ಧನ. “ಚಿಹ್ನೆ ನೋಡಬೇಡ, ಅಲ್ಲಿ ನಡೆಯೋ ಕೆಲಸ ನೋಡು,” ಅಂದರು. ಒಂದು ಪದ ನನ್ನನ್ನು ಎರಡು ವರ್ಷ ದಾರಿ ತಪ್ಪಿಸಿತ್ತು ಅಲ್ವಾ ಅಂತ ಅವತ್ತು ತಿಳಿಯಿತು.

ಅಲ್ಲಿಂದ ನರ್ನ್‌ಸ್ಟ್ ಸಮೀಕರಣ, ಅಂದರೆ ದ್ರಾವಣದ ಸಾಂದ್ರತೆಗೆ ತಕ್ಕಂತೆ ವೋಲ್ಟ್ ಕಂಡುಹಿಡಿಯುವ ಸೂತ್ರ, ಸಲೀಸಾಯಿತು. ಸತುವಿನ ಅಯಾನು 0.1 ಮೋಲಾರ್, ತಾಮ್ರದ್ದು 0.01 ಎಂದರೆ ಅನುಪಾತ ಹತ್ತು, ಅದರ ಲಾಗ್ ಒಂದು. 0.0591ನ್ನು ಎರಡರಿಂದ ಭಾಗಿಸಿ 1.10ರಿಂದ ಕಳೆದರೆ 1.07 ವೋಲ್ಟ್. ಆದರೆ ಕರೆಂಟ್ ಹರಿಸಿದರೆ ಎಷ್ಟು ಲೋಹ ಕೂರುತ್ತದೆ ಎನ್ನುವ ಫ್ಯಾರಡೆ ಲೆಕ್ಕದಲ್ಲಿ ನಿಮಿಷವನ್ನು ಸೆಕೆಂಡ್ ಮಾಡಲು ಮರೆಯುವ ಚಾಳಿ ಕೊನೆವರೆಗೂ ಹೋಗಲಿಲ್ಲ. 2 ಆಂಪಿಯರ್, 30 ನಿಮಿಷಕ್ಕೆ 1.18 ಗ್ರಾಂ ತಾಮ್ರ ಬರಬೇಕು. ನನಗೆ 0.02 ಬರುತ್ತಿತ್ತು. “ಉಳಿದದ್ದು ಮಾರಿಕೊಂಡೆಯಾ?” ಎನ್ನುತ್ತಿದ್ದರು.

ಸಿಇಟಿಗೆ ಈ ನಿಧಾನ ನಡೆಯಲಿಲ್ಲ ಬಿಡಿ. 80 ನಿಮಿಷಕ್ಕೆ 60 ಪ್ರಶ್ನೆ, ಎತ್ತು ಬರೆಯಲು ಎಲ್ಲಿ ಪುರುಸೊತ್ತು? ಪಬ್ಲಿಕ್ ಪರೀಕ್ಷೆಯಲ್ಲಿ ಮಾತ್ರ ಬರೆದೆ. ಉತ್ತರ ಪತ್ರಿಕೆಯ ಕೊನೇ ಪುಟದಲ್ಲಿ, ಪೆನ್ಸಿಲ್ಲಿನಲ್ಲಿ, ಬಾಲ ಸಮೇತ ಎತ್ತು ಮತ್ತು ಬೆಕ್ಕು. ಅಳಿಸುವುದು ಮರೆತೇಹೋಯಿತು. ಪೇಪರ್ ತಿದ್ದಿದವರು ಏನಂದುಕೊಂಡರೋ!