ಅಪ್ಪನ ಕೆ1000: ನಾಲ್ಕು ತಿಂಗಳಲ್ಲಿ ಆಗಿದ್ದು

ಜೂನ್ 9

ಅಟ್ಟದ ಟ್ರಂಕಿನಿಂದ ಅಪ್ಪನ ಪೆಂಟ್ಯಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ ಇಳಿಸಿದೆ. ದುಬೈಯಲ್ಲಿದ್ದ ಚಿಕ್ಕಪ್ಪ ತಂದುಕೊಟ್ಟಿದ್ದು. ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿದೆ. ಮಲೆನಾಡಿನ ನಮ್ಮ ಸಾಗರದ ಮಳೆಗೆ ಇದೇನೂ ಹೊಸದಲ್ಲ. ಹಿಂಬಾಗಿಲು ತೆರೆದರೆ ಅಂಚಿನ ಸ್ಪಂಜು ಡಾಂಬರಿನಂತಾಗಿ ಬೆರಳಿಗೆ ಅಂಟುತ್ತದೆ. ಆದರೂ ಲಿವರ್ ಎಳೆದು ಗುಂಡಿ ಒತ್ತಿದರೆ ‘ಟಕ್’ ಎಂದಿತು! ಈ ಮಾದರಿಯ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಪರದೆ, ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಆ ಒಂದು ಸದ್ದಿಗೆ ಆಸೆ ಹುಟ್ಟಿತು.

ಜೂನ್ 21

ದೊಡ್ಡ ಊರಿನ ಒಂದು ಸರ್ವಿಸ್ ಸೆಂಟರಿಗೆ ಒಯ್ದಿದ್ದೆ. ಬಿಚ್ಚಿಯೂ ನೋಡದೆ “ಇದಕ್ಕೆಲ್ಲ ಪಾರ್ಟ್ಸ್ ಸಿಗಲ್ಲ ಸರ್, ಹೊಸದು ತಗೊಳ್ಳಿ” ಅಂದರು. ಬೇಜಾರಿನಲ್ಲೇ ಬಸ್ಸು ಹತ್ತಿ ವಾಪಸು ಬಂದೆ.

ಸಂಜೆ ನಮ್ಮ ಪೇಟೆಯ ಸ್ಟುಡಿಯೊಗೆ ಹೋದೆ. ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿಗೆ ಫೋಟೊ ತೆಗೆಸಿಕೊಂಡಿದ್ದ ಅದೇ ಸ್ಟುಡಿಯೊ. ಅದರ ಯಜಮಾನರು ಊರಿಗೆಲ್ಲ ಫೋಟೊ ಮೇಷ್ಟ್ರು. ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಒಂದೊಂದೇ ವೇಗಕ್ಕೆ (ಸಾವಿರ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ) ಶಟರ್ ಬಿಟ್ಟು ಆಲಿಸಿದರು. “ಸಾವಿರದಲ್ಲಿ ಪರದೆ ಎಳೀತದೆ, ಫೋಟೊದ ಒಂದು ಪಕ್ಕ ಕಪ್ಪಾಗಬಹುದು. ಐನೂರರ ತನಕ ಧೈರ್ಯವಾಗಿ ಬಳಸು ಮಾರಾಯ. ಇಲ್ಲೇ ಇಟ್ಟು ಹೋಗು.”

ಜುಲೈ 14

ಮೇಷ್ಟ್ರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಲೆನ್ಸ್ ಬಿಚ್ಚಿದರು. ಮುಂದಿನ ಬಳೆಗೆ ತಿರುಪು ಇಲ್ಲ, ಸ್ಕ್ರೂಡ್ರೈವರಿಗೆ ಹಿಡಿತ ಸಿಗುವುದಿಲ್ಲ. ಸೈಕಲ್ ಟ್ಯೂಬಿನ ತುಂಡನ್ನು ಅದರ ಮೇಲೆ ಒತ್ತಿ ತಿರುವಿದರು. ಬಳೆ ಸಲೀಸಾಗಿ ಬಂತು. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡಿಗೆ ಅಮೋನಿಯಾ ಬೆರೆಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಗಾಜಿನ ನಡುವಿನಿಂದ ಅಂಚಿಗೆ ಒರೆಸಿದರು. ಬಲೆ ಹೋಯಿತು. ಬೂಷ್ಟು ಲೇಪನವನ್ನು ತಿಂದ ಜಾಗದಲ್ಲಿ ಒಂದು ಮಸುಕು ಗೆರೆ ಉಳಿದಿದೆ. ಕರಗಿದ ಸ್ಪಂಜನ್ನು ಸ್ಪಿರಿಟ್ ಹಾಕಿ ಕೆರೆದ ಮೇಲೆ, ಫ್ಯಾನ್ಸಿ ಸ್ಟೋರಿನ ಕಪ್ಪು ಉಲ್ಲನ್ ದಾರವನ್ನು ಆ ಸಂದಿನಲ್ಲಿ ಕೂರಿಸಿದೆವು. ಬೆಳಕು ಒಳಬರದಂತೆ ಅಷ್ಟೇ ಸಾಕು.

ಮನೆಯಲ್ಲಿ ಇನ್ನು ಕ್ಯಾಮೆರಾ ಇಡುವುದು, ತೇವ ಸೇರದಂತೆ, ಹದಿನೈದು ವಾಟಿನ ಬಲ್ಬ್ ಉರಿಯುವ ಕಪಾಟಿನಲ್ಲಿ. ಅದೂ ಅವರದೇ ಆಜ್ಞೆ. ಲೆನ್ಸಿಗೆ ಮುಚ್ಚಳ ಮರೆಯಬಾರದು ಎಂಬುದು ಇನ್ನೊಂದು: ಕೆ1000ದ ಮೀಟರಿಗೆ ಸ್ವಿಚ್ ಇಲ್ಲ, ಬೆಳಕು ಬೀಳುತ್ತಿದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಸೆಪ್ಟೆಂಬರ್ 7

ಮೊದಲ ರೀಲು ತೊಳೆದೆವು. ಇಲ್‌ಫೋರ್ಡ್ ಎಚ್‌ಪಿ5 ಕಪ್ಪು-ಬಿಳುಪು ಫಿಲ್ಮ್, ಚಿತ್ರ ಮೂಡಿಸುವ ಡಿ-76 ದ್ರಾವಣ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ನಮ್ಮ ನಲ್ಲಿ ನೀರು ಅಷ್ಟು ತಣ್ಣಗಿಲ್ಲ. ಪಕ್ಕದ ಜ್ಯೂಸ್ ಅಂಗಡಿಯ ಹುಡುಗ ಮಂಜುಗಡ್ಡೆ ತಂದು ಬಕೆಟ್ಟಿಗೆ ಸುರಿದ. ಕತ್ತಲಲ್ಲಿ ಫಿಲ್ಮನ್ನು ಸುರುಳಿಗೆ ಸುತ್ತುವುದನ್ನು ಹಾಳಾದ ರೀಲಿನಲ್ಲಿ ಎರಡು ವಾರ ಅಭ್ಯಾಸ ಮಾಡಿದ್ದೆ. 36ರಲ್ಲಿ 31 ಚಿತ್ರ ಬಂದಿವೆ. ಚಿತ್ರ ಸ್ಥಿರಗೊಳಿಸುವ ಹೈಪೊ ದ್ರಾವಣದಿಂದ ತೆಗೆದ ನೆಗೆಟಿವ್ ಬೆಳಕಿಗೆ ಹಿಡಿದಾಗ ಇಕ್ಕೇರಿಯ ಅಘೋರೇಶ್ವರ ದೇವಾಲಯದ ನಂದಿ ಕಂಡಿತು. ಕೈ ನಡುಗಿತು, ನಿಜ.

ಫಿಲ್ಮ್ ಆನ್‌ಲೈನಿನಲ್ಲಿ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ನಾನು ಮೇಷ್ಟ್ರಲ್ಲೇ ತರಿಸುತ್ತೇನೆ. ಆ ಮಂಜುಗಡ್ಡೆ, ಆ ಟ್ಯೂಬಿನ ತುಂಡು ಯಾವ ಪಾರ್ಸೆಲ್ಲಿನಲ್ಲೂ ಬರುವುದಿಲ್ಲ.

ಅಕ್ಟೋಬರ್ 5

ಇವತ್ತು ನಡೆದದ್ದನ್ನು ಬರೆದಿಡಲೇಬೇಕು. ಹಳ್ಳಿಯಿಂದ ಒಬ್ಬರು ಬಂದರು. ಅವರ ಅಪ್ಪನ ಒಂದೂ ಫೋಟೊ ಮನೆಯಲ್ಲಿಲ್ಲ, ವರ್ಷಾಂತಿಕಕ್ಕೆ ಬೇಕು. “ಯಾರ ಮದುವೆಗಾದರೂ ಹೋಗಿದ್ದರಾ?” ಎಂದು ಮೇಷ್ಟ್ರು ಕೇಳಿದರು. ಒಬ್ಬ ನೆಂಟರ ಹೆಸರು, 1993ರ ಬೇಸಿಗೆ. ಅಷ್ಟೇ ಸುಳಿವು. ಒಳಕೋಣೆಯಲ್ಲಿ ‘ಇಂದು’ ಫಿಲ್ಮಿನ ಹಳೆಯ ಡಬ್ಬಗಳ ಹಿಂದೆ ಗೋಡೆಯುದ್ದಕ್ಕೂ ನೆಗೆಟಿವ್ ಲಕೋಟೆಗಳು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಆ ಫಿಲ್ಮ್ ಹೋದರೂ ಡಬ್ಬಗಳಲ್ಲಿ ಈಗ ಸ್ಕ್ರೂ, ಸ್ಪ್ರಿಂಗು ತುಂಬಿವೆ. ಒಂದೂವರೆ ಗಂಟೆ ಹುಡುಕಿದೆವು. ಊಟದ ಪಂಕ್ತಿಯ ಒಂದು ಚಿತ್ರದಲ್ಲಿ, ಎಡದಿಂದ ಐದನೆಯವರು, ಬಾಳೆಲೆಯ ಮುಂದೆ ತಲೆ ಎತ್ತಿ ನಗುತ್ತಿದ್ದಾರೆ. ಬಂದವರು ನೆಗೆಟಿವಿನಲ್ಲೇ ಗುರುತು ಹಿಡಿದರು, ಕಪ್ಪು ಬಿಳುಪು ತಿರುಗಾಮುರುಗಾ ಆಗಿದ್ದರೂ. ಪ್ರಿಂಟಿಗೆ ಮಾತ್ರ ದುಡ್ಡು ತಗೊಂಡರು ಮೇಷ್ಟ್ರು.

ಆ ಕೋಣೆಗೆ ಸೂಚಿ ಇಲ್ಲ, ಎಲ್ಲ ಅವರ ತಲೆಯಲ್ಲೇ ಇದೆ. ಹಾಗಾಗಿ ನನ್ನ ಪ್ರಾಜೆಕ್ಟ್ ಈಗ ಬದಲಾಗಿದೆ. ಎರಡು ಕ್ವೈರಿನ ನೋಟ್‌ಬುಕ್ ತಂದಿದ್ದೇನೆ: ಲಕೋಟೆ ಸಂಖ್ಯೆ, ಮನೆತನ, ಊರು, ತಿಂಗಳು. ಮೇಷ್ಟ್ರು ಹೇಳುತ್ತಾರೆ, ನಾನು ಬರೆಯುತ್ತೇನೆ. ಇವತ್ತಿಗೆ 64 ಲಕೋಟೆ ಆಯಿತು. ಬೂಷ್ಟು ಹಿಡಿದಿದ್ದ ಏಳನ್ನು ಬೇರೆ ತೆಗೆದು ಬಲ್ಬಿನ ಕಪಾಟಿಗೆ ಹಾಕಿದ್ದೇವೆ. ಮುಂದಿನ ಭಾನುವಾರ 1994ರ ಸಾಲು.