ವಯಸ್ಸು ಹೊಂದಿಸಿಕೊಳ್ಳಿ!

"ನಿಮ್ಮ ಫಲಾನುಭವಿಗಳ ವಯಸ್ಸನ್ನು ಸ್ವಲ್ಪ ಹೊಂದಿಸಿಕೊಳ್ಳಲು ಆಗುವುದಿಲ್ಲವೇ?"

ಕಂಪನಿಯೊಂದರ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದ ಹುಡುಗಿ ಸೋಮವಾರ ಫೋನಿನಲ್ಲಿ ಕೇಳಿದ್ದು. ಪಾತ್ರೆ ತೊಳೆಯುವ ನಲವತ್ತೆಂಟರ ಮನುಷ್ಯನನ್ನು ಇಪ್ಪತ್ತೈದಕ್ಕೆ ಇಳಿಸುವುದು ಹೇಗೆ? ಅಂದಿನಿಂದ ಯೋಚಿಸುತ್ತಿದ್ದೇನೆ.

ಮುಂಬಯಿಯ ಘಾಟ್‌ಕೋಪರ್‌ನಲ್ಲಿ ನಮ್ಮ ಸಂಘ ಹೋಟೆಲ್ ಕಾರ್ಮಿಕರಿಗೆ ಓದುಬರಹ ಕಲಿಸುತ್ತದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಸಿಗುವ ಬಿಡುವಿನಲ್ಲಷ್ಟೇ ಅವರು ಬರಬಲ್ಲರು. ನಮಗೆ ಬೇಕಿರುವುದು ಟೀಚರಿಗೆ ಗೌರವಧನ, ಕೋಣೆಗೆ ಬಾಡಿಗೆ. ಕಂಪನಿ ಕೊಡಲು ಹೊರಟಿರುವುದು ಟ್ಯಾಬ್ಲೆಟ್. ಅದೂ ಹದಿನೆಂಟರಿಂದ ಇಪ್ಪತ್ತೈದರವರಿಗೆ, ದಿನಕ್ಕೆ ನಾಲ್ಕು ಗಂಟೆ ಹಾಜರಾತಿ ಇದ್ದರೆ.

ಕಾಗದಪತ್ರದ ಮಟ್ಟಿಗೆ ನಾವು ಅರ್ಹರೇ. ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ಹಣ ಪಡೆಯುವ ಸಂಘಗಳಿಗೆ 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ, ಮೂರು ವರ್ಷಗಳ ಕೆಲಸದ ದಾಖಲೆ, ಎಲ್ಲವೂ ಇವೆ. ಕೋಶಾಧಿಕಾರಿಗಳಿಗೆ ಅಷ್ಟೇ ಸಾಕಾಯಿತು. "ಬಂದ ಲಕ್ಷ್ಮಿಯನ್ನು ಒದೆಯುವುದುಂಟೇ ಮಾರಾಯರೇ? ಪಟ್ಟಿಯಲ್ಲಿ ನಾಲ್ಕು ಕಾಲೇಜು ಹುಡುಗರ ಹೆಸರು ಬರೆದರಾಯಿತು." ಒಳ್ಳೆಯ ಮನುಷ್ಯ, ಸಂಘಕ್ಕೆ ಸ್ವಂತ ಜೇಬಿನಿಂದ ಹಾಕುವವರು. ಆದರೆ ಅರ್ಜಿಯಲ್ಲಿ ಖಾಲಿ ಜಾಗ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

"ನಾಲ್ಕು ಗಂಟೆ ಕೂರಿಸಿದರೆ ಮಾಲೀಕರು ನಾಳೆಯಿಂದ ಕಳುಹಿಸುತ್ತಾರೆಯೇ ಸರ್?" ಎಂದು ಟೀಚರ್ ಕೇಳಿದರು. ಸಭೆಯಲ್ಲಿ ಯಾರೂ ಉತ್ತರಿಸಲಿಲ್ಲ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟು ದೊಡ್ಡ ಕಂಪನಿಗಳಲ್ಲಿ ಸಿಎಸ್‌ಆರ್‌ಗೆ ಖರ್ಚಾಗಲೇಬೇಕು. ಮಾರ್ಚ್ 31 ಹತ್ತಿರವಾದಂತೆ ಅವಳ ಮೇಲೂ ಒತ್ತಡ. ಟ್ಯಾಬ್ಲೆಟ್ ಆದರೆ ಒಂದು ಬಿಲ್ಲು, ಒಂದು ಫೋಟೊ, ಕೆಲಸ ಮುಗಿಯಿತು. ತಿಂಗಳುಗಟ್ಟಲೆ ಅಕ್ಷರ ತಿದ್ದಿಸುವುದಕ್ಕೆ ಯಾವ ಫೋಟೊ? ಆದರೂ ಗೌರವಧನಕ್ಕೆ ಕಾನೂನು ಅಡ್ಡ ಬರುವುದಿಲ್ಲ. ಶೇ. 5ರ ಮಿತಿ ಇರುವುದು ಕಂಪನಿಯ ಸಿಎಸ್‌ಆರ್ ಆಡಳಿತ ವೆಚ್ಚಕ್ಕೆ. ಯೋಜನೆಯನ್ನು ನಡೆಸುವ ನೇರ ಖರ್ಚು ಅದರೊಳಗೆ ಬರುವುದಿಲ್ಲ. ಇದನ್ನು ವಿವರಿಸಿದಾಗ, "ನಮ್ಮ ನೀತಿಯಲ್ಲಿ ಇಲ್ಲ ಸರ್" ಎಂದಳು. ಬಳಿಕ ಬಂದದ್ದೇ ಆ ವಯಸ್ಸಿನ ಪ್ರಶ್ನೆ.

ಹಣಕ್ಕಾಗಿ ತಮ್ಮ ಕೆಲಸವನ್ನೇ ಬದಲಿಸಿಕೊಂಡ ಸಂಘಗಳು ಮುಂಬಯಿಯಲ್ಲಿ ಕಡಿಮೆಯೇನಿಲ್ಲ. ಅನುದಾನ ನಿಂತ ಮೇಲೆ ಅವುಗಳಲ್ಲಿ ಉಳಿಯುವುದು ಬೀರು ತುಂಬ ಸಾಮಾನು. ಮೊದಲು ಬರುತ್ತಿದ್ದವರು ಎಂದೋ ಬಿಟ್ಟಿರುತ್ತಾರೆ.

ನಿನ್ನೆ ಬೇಡವೆಂದು ಬರೆದೆವು. ಮುಂದಿನ ವರ್ಷ ಟೀಚರ ಗೌರವಧನವನ್ನು ಪರಿಗಣಿಸಬಹುದೇ ಎಂದು ಕೇಳಿದ್ದೇವೆ. ಕೋಶಾಧಿಕಾರಿಗಳು ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದರು; ಬಾಡಿಗೆಗಾಗಿ ಹೋಟೆಲ್ ಮಾಲೀಕರ ಮನೆಬಾಗಿಲು ತಟ್ಟುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ.